ಹೊಳೆದಡದ ಮೀನೂಟ: ಓದುಗರ ಪ್ರಶ್ನೆ, ನಮ್ಮ ಉತ್ತರ

ರಜೆಯಲ್ಲಿ ಕರಾವಳಿಗೆ ಹೋಗಿ ಬಂದವರ ಪತ್ರಗಳು ಈ ಸಲ ಬಹಳ ಬಂದಿವೆ. ದೇವಸ್ಥಾನ, ಕಡಲತೀರಗಳ ಬಗ್ಗೆ ಬರೆದವರು ಕಡಿಮೆ. ಊಟದ ಬಗ್ಗೆ, ಅದರಲ್ಲಿಯೂ ಹೊಳೆ ಮತ್ತು ಕಡಲ ದಡದ ಮೀನೂಟದ ಹೋಟೆಲುಗಳ ಬಗ್ಗೆ ಬರೆದವರೇ ಹೆಚ್ಚು. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಆ ಒಂದೇ ವಿಷಯಕ್ಕೆ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ನಾವು ಅತ್ತೆ, ಮಾವ, ಮೈದುನನ ಸಂಸಾರ ಸೇರಿ ಒಂಬತ್ತು ಮಂದಿ ಉಡುಪಿ ಕಡೆಗೆ ಹೋಗಿದ್ದೆವು. ಒಂದು ಸಂಜೆ ಹೊಳೆಯ ದಡದ ಹೋಟೆಲಿನಲ್ಲಿ ಊಟ ಮಾಡಿದೆವು. ಮೆನು ಕಾರ್ಡಿನಲ್ಲಿ ಪಾಂಫ್ರೆಟ್ ಮೀನಿನ ಎದುರು ಬೆಲೆಯ ಬದಲು ‘ಆಸ್ ಪರ್ ಸೈಜ್’ ಎಂದಷ್ಟೇ ಇತ್ತು. ಬೆಲೆ ಕೇಳಬೇಕೆಂದು ನನಗೆ ಅನ್ನಿಸಿತಾದರೂ ಓರಗಿತ್ತಿಯ ಎದುರು ಸಣ್ಣವಳಾಗುತ್ತೇನೆಂದು ಸುಮ್ಮನಾದೆ. ಮೂರು ಮೀನು ತರಿಸಿದೆವು. ಬಿಲ್ಲಿನಲ್ಲಿ ಒಂದೊಂದಕ್ಕೆ 1,450 ರೂಪಾಯಿ ಹಾಕಿದ್ದರು. ಏಡಿ, ನೀರುದೋಸೆ, ಅನ್ನ, ಗಸಿ ಎಲ್ಲ ಸೇರಿ 8,200 ರೂಪಾಯಿ, ಅದರ ಮೇಲೆ ಶೇ 10ರಷ್ಟು ಸೇವಾ ಶುಲ್ಕ, ಆಮೇಲೆ ಜಿಎಸ್‌ಟಿ, ಒಟ್ಟು 9,471 ರೂಪಾಯಿ. ಹಣ ಕೊಟ್ಟ ಮಾವನವರು ವಸತಿಗೃಹ ತಲುಪುವವರೆಗೂ ಮಾತನಾಡಲಿಲ್ಲ. ನಮಗೆ ಮೋಸವಾಯಿತೇ?
(ಓದುಗರು, ದಾವಣಗೆರೆ)

ಉತ್ತರ: ಮೀನಿನ ಬೆಲೆಯಲ್ಲಿ ಮೋಸವಾಗಿದೆ ಎಂದು ನಾನು ಹೇಳಲಾರೆ. ಸೇವಾ ಶುಲ್ಕದ ಲೆಕ್ಕದಲ್ಲಿ ಮಾತ್ರ ನೀವು ಕೊಡಬೇಕಾಗಿಯೇ ಇರದ ಹಣ ಹೋಗಿದೆ. ಮೊದಲು ಮೀನಿನ ವಿಷಯ.

ಮೀನಿನ ಬೆಲೆ ವಾರಕ್ಕೊಮ್ಮೆ ಬದಲಾಗುವಂಥದ್ದಲ್ಲ. ರಾಜ್ಯದ ಅತಿ ದೊಡ್ಡ ಮೀನುಗಾರಿಕೆ ಬಂದರಾದ ಮಲ್ಪೆಯಲ್ಲಿ ಬೆಳಗಿನ ಏಲಂ ಹೇಗೆ ನಡೆಯಿತು, ಹಿಂದಿನ ರಾತ್ರಿ ಗಾಳಿ ಎಷ್ಟಿತ್ತು, ಎಷ್ಟು ಬೋಟುಗಳು ದಡಕ್ಕೆ ಬಂದವು ಎಂಬುದರ ಮೇಲೆ ಅದು ದಿನದಿನವೂ ಏರಿಳಿಯುತ್ತದೆ. ಪಾಂಫ್ರೆಟ್, ಅಂದರೆ ತುಳುವಿನ ಮಾಂಜಿ, ಇನ್ನೊಂದು ಕಾರಣಕ್ಕೂ ದುಬಾರಿ. ಮೀನು ದೊಡ್ಡದಾದಷ್ಟೂ ಅದರ ಕಿಲೋ ದರವೇ ಏರುತ್ತದೆ; ಆದ್ದರಿಂದ 600 ಗ್ರಾಂ ತೂಗುವ ಒಂದು ಮಾಂಜಿಗೆ 300 ಗ್ರಾಂನ ಎರಡು ಮಾಂಜಿಗಳಿಗಿಂತ ಹೆಚ್ಚು ಹಣ ಬೀಳುತ್ತದೆ. ಹೀಗಿರುವಾಗ ಕಾರ್ಡಿನಲ್ಲಿ ಬೆಲೆಯನ್ನು ಅಚ್ಚು ಹಾಕಿಸಲು ಹೋಟೆಲಿನವರಿಗೆ ಆಗುವುದಿಲ್ಲ ಎಂಬುದು ನಿಜ. ಆದರೆ ಬಾಯಲ್ಲಿ ಹೇಳಲು ಖಂಡಿತ ಆಗುತ್ತದೆ, ಮತ್ತು ಕೇಳಿದರೆ ಹೇಳಿಯೇ ಹೇಳುತ್ತಾರೆ.

ಕೇಳುವ ಕ್ರಮ ಹೀಗೆ. ಮೀನನ್ನು ತಟ್ಟೆಯಲ್ಲಿಟ್ಟು ತಂದು ತೋರಿಸಲು ಸಪ್ಲೈಯರ್‌ಗೆ ಹೇಳಿ. ದಡದ ಹೋಟೆಲುಗಳಲ್ಲಿ ಇದು ನಿತ್ಯದ ಪದ್ಧತಿ, ಯಾರೂ ತಪ್ಪು ತಿಳಿಯುವುದಿಲ್ಲ. ‘ಈ ಮೀನಿಗೆ ಎಷ್ಟು?’ ಎಂದು ಬೆರಳಿಟ್ಟು ಕೇಳಿ. ಕಿಲೋ ಲೆಕ್ಕವಾದರೆ ತೂಕವು ಸ್ವಚ್ಛ ಮಾಡುವ ಮೊದಲಿನದೋ ಅನಂತರದ್ದೋ ಎಂಬುದನ್ನೂ ಕೇಳಿ, ಏಕೆಂದರೆ ಸಾಮಾನ್ಯವಾಗಿ ತೂಗುವುದು ತಲೆ, ಕರುಳು ಸಹಿತವಾದ ಇಡೀ ಮೀನನ್ನೇ. ಏಡಿಯಲ್ಲಂತೂ ನೀವು ಹಣ ಕೊಡುವ ತೂಕದ ಬಹುಪಾಲು ಚಿಪ್ಪೇ ಆಗಿರುತ್ತದೆ. ಇಷ್ಟೆಲ್ಲವೂ ಮಸಾಲೆ ಹಚ್ಚುವ ಮೊದಲೇ ಆಗಬೇಕು. ಮಸಾಲೆ ಹಚ್ಚಿದ ಮೀನನ್ನು ಬೇಡ ಎನ್ನುವುದು ನ್ಯಾಯವಲ್ಲ. ತಟ್ಟೆ ಎದುರಿಗಿರುವಾಗಲೇ ಕಣ್ಣು ಉಬ್ಬಿ ತಿಳಿಯಾಗಿದೆಯೇ, ಕಿವಿರು ಕೆಂಪಗಿದೆಯೇ, ಬೆರಳಿನಿಂದ ಒತ್ತಿದ ಜಾಗ ಮತ್ತೆ ಮೇಲೇಳುತ್ತದೆಯೇ ಎಂದು ನೋಡಿಬಿಡಬಹುದು. ಕೆಂಪು ಮಸಾಲೆಯಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಟ್ಟ ಮೀನು ಮಾತ್ರ ಇದೆ ಎಂದರೆ ನಾನಾದರೋ ಅಲ್ಲಿ ಕೋಳಿ ಸುಕ್ಕ ಹೇಳಿ ಸುಮ್ಮನಾಗುತ್ತೇನೆ. ಮಸಾಲೆಯ ಕೆಳಗೆ ಮೀನಿನ ವಯಸ್ಸು ಕಾಣಿಸುವುದಿಲ್ಲ.

ಇನ್ನು ಸೇವಾ ಶುಲ್ಕ. ಹೋಟೆಲಿನವರು ಇದನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದು, ಬೇರೆ ಹೆಸರಿನಲ್ಲಿಯೂ ವಸೂಲು ಮಾಡಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲ್ ಸಂಘಟನೆಗಳು ಅದನ್ನು ಪ್ರಶ್ನಿಸಿದವಾದರೂ ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ನಿಮ್ಮ ಬಿಲ್ಲಿನಲ್ಲಿ ಸೇವಾ ಶುಲ್ಕ 820 ರೂಪಾಯಿ. ಅದರ ಮೇಲೆಯೂ ಶೇ 5ರಂತೆ 41 ರೂಪಾಯಿ ತೆರಿಗೆ ಬಿದ್ದಿದೆ. ಅದನ್ನು ತೆಗೆಯಿರಿ ಎಂದಿದ್ದರೆ ನೀವು ಕೊಡಬೇಕಾಗಿದ್ದುದು 8,610 ರೂಪಾಯಿ. ತೆಗೆಯಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು; ಬಿಲ್ಲನ್ನು ಇಟ್ಟುಕೊಂಡಿದ್ದರೆ ಈಗಲೂ ದೂರು ಕೊಡಲು ಅಡ್ಡಿಯಿಲ್ಲ. ಆದರೆ ನಮಗೆ ಅನ್ಯಾಯವೆನ್ನಿಸುವುದೆಲ್ಲ ಕಾನೂನಿಗೆ ವಿರುದ್ಧವಾಗಿರುವುದಿಲ್ಲ ಎಂಬುದೂ ನೆನಪಿರಲಿ: ಕುಳಿತು ಉಣ್ಣುವ ಹೋಟೆಲಿನಲ್ಲಿ ನೀರಿನ ಬಾಟಲಿಗೆ ಮುದ್ರಿತ ಗರಿಷ್ಠ ಬೆಲೆಗಿಂತ ಹೆಚ್ಚು ತೆಗೆದುಕೊಳ್ಳಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿಯೇ ಹೇಳಿದೆ.

ನಿಮ್ಮ ಪತ್ರದಲ್ಲಿ ನನ್ನ ಮನಸ್ಸು ತಡೆದು ನಿಂತದ್ದು ಓರಗಿತ್ತಿಯ ಮಾತು ಬಂದ ಸಾಲಿನಲ್ಲಿ. ಕುಂದಾಪುರದಲ್ಲಿ ಬಹಳ ವರ್ಷ ಮೀನೂಟ ಹಾಕುತ್ತಿದ್ದ ನನ್ನ ಚಿಕ್ಕಮ್ಮ, ಬೆಲೆ ಕೇಳಿ ಕೂರುವ ಗಿರಾಕಿಯೇ ಮರುವರ್ಷವೂ ಬರುವವನು, ಕೇಳದೆ ಉಂಡವನು ಊರಿಗೆ ಹೋಗಿ ಬೈಯುವವನು ಎನ್ನುತ್ತಿದ್ದರು. ಬಹುಶಃ ನಿಮ್ಮ ಓರಗಿತ್ತಿಯೂ ನಿಮ್ಮ ಮುಖ ನೋಡಿಕೊಂಡೇ ಸುಮ್ಮನೆ ಕುಳಿತಿದ್ದರು. ಮುಂದಿನ ಸಲ ಹೋಗುವುದಾದರೆ ಮಧ್ಯಾಹ್ನ ಹನ್ನೆರಡೂವರೆಯೊಳಗೆ ಹೋಗಿ, ನಿಗದಿತ ಬೆಲೆಯ ಮೀನೂಟವನ್ನು ತಲೆಗೊಂದರಂತೆ ಹೇಳಿ. ಕುಚಲಕ್ಕಿ ಅನ್ನ, ಮೀನುಸಾರು, ಒಂದು ಪಲ್ಯ, ಸಣ್ಣದೊಂದು ಮೀನಿನ ತುಂಡು ಅದರಲ್ಲಿಯೇ ಬರುತ್ತವೆ. ಮೇಲಿಂದ ಹಂಚಿಕೊಳ್ಳಲು ನಾಲ್ಕು ಬಂಗುಡೆ ಹುರಿಸಿದರೆ ಸಾಕು. ನಮ್ಮ ಕಡೆಯ ಮನೆಗಳಲ್ಲಿ ನಿತ್ಯ ಬೇಯುವುದು ಬಂಗುಡೆ, ಬೂತಾಯಿಗಳೇ ಹೊರತು ಮಾಂಜಿಯಲ್ಲ. ಹಣ ಯಾರು ಕೊಡುವುದೆಂಬುದನ್ನು ಮಾತ್ರ ಕಾರಿನಲ್ಲಿಯೇ ತೀರ್ಮಾನಿಸಿಕೊಳ್ಳಿ. ಮಾವನವರ ಜೇಬಿಗೆ ಬಿಡುವುದಾದರೆ ಮೀನು ಆರಿಸುವುದನ್ನೂ ಅವರಿಗೇ ಬಿಡಿ.

ಪ್ರಶ್ನೆ: ಹದಿಮೂರು ವರ್ಷದ ಮಗಳಿಗೆ ಸಿಗಡಿ ಆಗಿಬರುವುದಿಲ್ಲ, ಮೈಯೆಲ್ಲ ದದ್ದು ಏಳುತ್ತದೆ. ಕಾರವಾರದಲ್ಲಿ ಅವಳಿಗೆ ಹುರಿದ ಮೀನು, ಅನ್ನ ಮಾತ್ರ ಕೊಡಿಸಿದೆವು. ಆದರೂ ಅರ್ಧ ಗಂಟೆಯಲ್ಲಿ ತುಟಿ ಊದಿತು. ಅವಳು ಮೀನನ್ನೂ ಬಿಡಬೇಕೇ?
(ಓದುಗರು, ಹುಬ್ಬಳ್ಳಿ)

ಉತ್ತರ: ಅದನ್ನು ತೀರ್ಮಾನಿಸಬೇಕಾದವರು ಅಲರ್ಜಿಯ ಪರೀಕ್ಷೆ ಮಾಡುವ ವೈದ್ಯರು. ಆದರೆ ತಪ್ಪು ಮೀನಿನದಲ್ಲದೆ ಇರುವ ಸಾಧ್ಯತೆ ಹೆಚ್ಚು. ಸಿಗಡಿ, ಏಡಿಗಳಲ್ಲಿ ಅಲರ್ಜಿ ತರುವ ಮುಖ್ಯ ಪ್ರೋಟೀನಿನ ಹೆಸರು ಟ್ರೊಪೊಮಯೋಸಿನ್. ಮೀನಿನಲ್ಲಿ ಅಲರ್ಜಿ ತರುವುದು ಪಾರ್ವಾಲ್ಬುಮಿನ್ ಎಂಬ ಬೇರೆಯೇ ಪ್ರೋಟೀನು. ಆದ್ದರಿಂದಲೇ ಸಿಗಡಿ ಆಗದ ಅನೇಕರು ಮೀನನ್ನು ನಿಶ್ಚಿಂತೆಯಿಂದ ತಿನ್ನುತ್ತಾರೆ. ತೊಡಕು ಇರುವುದು ಅಡುಗೆಮನೆಯಲ್ಲಿ. ಟ್ರೊಪೊಮಯೋಸಿನ್ ಕಾವಿಗೆ ಸುಲಭವಾಗಿ ನಾಶವಾಗುವುದಿಲ್ಲ. ಸಿಗಡಿ ಹುರಿದ ಕಾವಲಿಯ ಮೇಲೆಯೇ, ಅದೇ ಎಣ್ಣೆಯಲ್ಲಿಯೇ ಕಾಣೆ ಮೀನನ್ನು ಹುರಿದರೆ ಅದು ಮೀನಿಗೆ ಹತ್ತಿಕೊಂಡು ತಟ್ಟೆಗೆ ಬರುತ್ತದೆ. ಕಾರವಾರದ ಕಡೆಯ ಮೀನೂಟದಲ್ಲಿ ಇನ್ನೊಂದು ಅಪಾಯವಿದೆ: ತಟ್ಟೆಯ ಮೂಲೆಯಲ್ಲಿ ಚಟ್ನಿಪುಡಿಯಂತೆ ಕಾಣುವ ಕಿಸ್ಮೂರ್. ಅದನ್ನು ಒಣಸಿಗಡಿ, ತೆಂಗಿನತುರಿ ಕಲಸಿ ಮಾಡುವುದೇ ಹೆಚ್ಚು. ಗೊತ್ತಿಲ್ಲದವರು ಅದನ್ನು ತೆಂಗಿನ ಪಲ್ಯವೆಂದೇ ತಿಳಿದು ಅನ್ನಕ್ಕೆ ಕಲಸಿಕೊಳ್ಳುತ್ತಾರೆ.

ಸಪ್ಲೈಯರ್‌ಗೆ ‘ಅಲರ್ಜಿ ಇದೆ’ ಎಂದಷ್ಟೇ ಹೇಳಿದರೆ ಅವರು ಸಿಗಡಿ ಬಡಿಸದೆ ಬಿಡುತ್ತಾರೆ, ಅಷ್ಟೇ. ಅಡುಗೆ ಮಾಡುವವರಿಗೇ ಹೇಳಿಸಬೇಕು: ಕಾವಲಿಯನ್ನು ತೊಳೆದು ಹೊಸ ಎಣ್ಣೆ ಹಾಕಬೇಕು, ಸೌಟು ಬೇರೆ ಇರಬೇಕು, ಒಣಮೀನು, ಒಣಸಿಗಡಿಯ ಚಟ್ನಿ ತಟ್ಟೆಗೆ ಬರಬಾರದು ಎಂದು. ಭಾನುವಾರ ಮಧ್ಯಾಹ್ನದ ನೂಕುನುಗ್ಗಲಿನಲ್ಲಿ ಇದನ್ನು ಪಾಲಿಸುವುದು ಅವರಿಗೂ ಕಷ್ಟವಾದ್ದರಿಂದ ಆ ಹೊತ್ತಿನಲ್ಲಿ ಮಗಳಿಗೆ ಹುರಿದದ್ದನ್ನು ಕೊಡಿಸದಿರುವುದೇ ಲೇಸು. ತುಟಿ ಊದಿದ್ದನ್ನು ಹಗುರವಾಗಿ ಕಾಣಬೇಡಿ. ಉಸಿರಾಟ ಕಷ್ಟವಾದರೆ, ಧ್ವನಿ ಬದಲಾದರೆ, ತಲೆ ಸುತ್ತಿದರೆ ಮನೆಯಿಂದ ತಂದ ಮಾತ್ರೆ ನುಂಗಿಸಿ ಕಾಯುತ್ತ ಕೂರದೆ 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಿಸಬೇಕು.

ಪ್ರಶ್ನೆ: ನನಗೆ ಯಾವ ಅಲರ್ಜಿಯೂ ಇಲ್ಲ. ಆದರೂ ಪ್ರವಾಸದಲ್ಲಿ ಬಂಗುಡೆ ತಿಂದು ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ ತಲೆ ಸಿಡಿಯತೊಡಗಿತು. ನಾಲಿಗೆಯಲ್ಲಿ ಕಾಳುಮೆಣಸು ತಿಂದಂಥ ಚುರುಕು. ಜೊತೆಯಲ್ಲಿ ತಿಂದ ತಮ್ಮನಿಗೂ ಹಾಗೆಯೇ ಆಯಿತು.
(ಓದುಗರು, ಶಿವಮೊಗ್ಗ)

ಉತ್ತರ: ಇಬ್ಬರಿಗೂ ಒಟ್ಟಿಗೆ ಆದದ್ದೇ ದೊಡ್ಡ ಸುಳಿವು. ಬಂಗುಡೆ, ಅಂಜಲ್, ಟ್ಯೂನಾದಂಥ ಮೀನುಗಳನ್ನು ಹಿಡಿದ ಮೇಲೆ ಐಸಿನಲ್ಲಿಡದೆ ಬಿಸಿಲಿಗೆ ಬಿಟ್ಟರೆ ಬ್ಯಾಕ್ಟೀರಿಯಾಗಳಿಂದ ಅದರಲ್ಲಿ ಹಿಸ್ಟಮಿನ್ ಎಂಬ ವಸ್ತು ಉಂಟಾಗುತ್ತದೆ. ಒಮ್ಮೆ ಉಂಟಾದ ಹಿಸ್ಟಮಿನ್ ಬೇಯಿಸಿದರೂ ಹುರಿದರೂ ಮತ್ತೆ ಫ್ರೀಜ್ ಮಾಡಿದರೂ ಹೋಗುವುದಿಲ್ಲ. ಅದರಿಂದ ಆಗುವ ಈ ತೊಂದರೆ ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯುತ್ತದೆ. ಆದರೂ ವೈದ್ಯರಿಗೆ ತೋರಿಸಿರಬೇಕಾಗಿತ್ತು. ಮೀನು ಬಾಯಿಗೆ ಚುರುಕೆಂದರೆ ಆ ತುತ್ತಿಗೇ ನಿಲ್ಲಿಸಿ, ಮಸಾಲೆಯ ಖಾರವೆಂದು ಸಮಾಧಾನ ಮಾಡಿಕೊಳ್ಳಬೇಡಿ.

ಪ್ರಶ್ನೆ: ಮಳೆಗಾಲದಲ್ಲಿ ಕಡಲನ್ನು ನೋಡುವ ಆಸೆಯಿಂದ ಜೂನ್ ಕೊನೆಗೆ ಸಂಸಾರ ಸಮೇತ ಮಂಗಳೂರಿಗೆ ಹೋಗಲಿದ್ದೇವೆ. ಆಗ ಮೀನುಗಾರಿಕೆ ನಿಂತಿರುತ್ತದೆ ಎನ್ನುತ್ತಾರೆ. ಹಾಗಾದರೆ ಹೋಟೆಲಿನಲ್ಲಿ ಬಡಿಸುವ ಮೀನು ಯಾವುದು?
(ಓದುಗರು, ಬೆಂಗಳೂರು)

ಉತ್ತರ: ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಅನೇಕ ಮೀನುಗಳು ಮೊಟ್ಟೆಯಿಡುವ ಕಾಲ ಅದು; ಕಡಲೂ ಆಗ ಒರಟು. ಆದರೆ ಪೂರ್ವ ಕರಾವಳಿಯಲ್ಲಿ ಈ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ ಮಾತ್ರ. ಹಾಗಾಗಿ ನೀವು ಹೋಗುವ ಹೊತ್ತಿಗೆ ತಮಿಳುನಾಡು, ಆಂಧ್ರದ ಬಂದರುಗಳಲ್ಲಿ ದೋಣಿಗಳು ಹೊರಟಿರುತ್ತವೆ, ಅಲ್ಲಿಯ ಮೀನು ಐಸು ಹಾಕಿದ ಲಾರಿಗಳಲ್ಲಿ ಘಟ್ಟ ಇಳಿದು ಬರುತ್ತದೆ. ಇದಲ್ಲದೆ ಶೀತಲಗೃಹದ ಮೀನಿದೆ, ಕೆರೆಯ ಕಾಟ್ಲಾ, ರೋಹು ಇವೆ. ಮೂಳೆಯಿಲ್ಲದ ‘ಫಿಶ್ ಫಿಂಗರ್’ ಹೇಳಿದರೆ ಅದು ಬಾಸಾ ಆಗಿರಬಹುದು. ಅದು ಸಿಹಿನೀರಿನ ಮೀನು, ಕಡಲಿನದೇ ಅಲ್ಲ.

ನೀವು ಕಡಲನ್ನು ನೋಡುತ್ತ ಬೇರೆ ಸಮುದ್ರದ ಮೀನನ್ನು ತಿನ್ನುವುದರಲ್ಲಿ ತಪ್ಪೇನೂ ಇಲ್ಲ. ಐಸಿನಲ್ಲಿ ಸರಿಯಾಗಿ ಬಂದದ್ದಾದರೆ ರುಚಿಯೂ ಕೆಡುವುದಿಲ್ಲ. ಆದರೆ ಅದನ್ನು ‘ಈಗಷ್ಟೇ ಬಂದದ್ದು’ ಎಂದು ಹೇಳಿ ಮಾರಿದರೆ ನಂಬಬೇಡಿ. ಆ ದಿನಗಳಲ್ಲಿ ನಿಜವಾಗಿ ಸ್ಥಳೀಯವಾದದ್ದು ಬೇಕೆಂದರೆ ನಾಡದೋಣಿಯ ಮೀನು ಇದೆಯೇ ಎಂದು ಕೇಳಿ. 10 ಅಶ್ವಶಕ್ತಿಯವರೆಗಿನ ಮೋಟಾರು ಕಟ್ಟಿದ ನಾಡದೋಣಿಗಳಿಗೆ ನಿಷೇಧವಿಲ್ಲ. ಮಳೆ ಹೊಳವಾದ ದಿನ ಅವು ದಡದ ಹತ್ತಿರವೇ ಬಲೆ ಹಾಕಿ ಸಿಗಡಿ, ಬೂತಾಯಿ ತರುತ್ತವೆ. ಸಿಕ್ಕರೆ ಅದೃಷ್ಟ. ಸಿಗದಿದ್ದರೆ ಮಳೆ ನೋಡುತ್ತ ಕೋರಿ ರೊಟ್ಟಿ (ಕೋಳಿ ಸಾರು, ಒಣರೊಟ್ಟಿ) ತಿನ್ನಿ, ಅದಕ್ಕೆ ಯಾವ ಕಾಲದಲ್ಲೂ ನಿಷೇಧವಿಲ್ಲ.

ಪ್ರಶ್ನೆ: ಹೊಸದಾಗಿ ಬಂದ ಸೊಸೆ ಸಸ್ಯಾಹಾರಿ. ನಾವೆಲ್ಲ ಮೀನು ತಿನ್ನುವವರು. ಗೋಕರ್ಣ, ಮುರ್ಡೇಶ್ವರಕ್ಕೆ ಒಟ್ಟಿಗೆ ಹೋದಾಗ ದಡದ ಹೋಟೆಲಿನಲ್ಲಿ ಅವಳು ಮೊಸರನ್ನ ಮುಂದಿಟ್ಟುಕೊಂಡು ಕುಳಿತದ್ದು ಈಗಲೂ ನನ್ನ ಕಣ್ಣ ಮುಂದಿದೆ. ‘ನನಗೇನೂ ತೊಂದರೆ ಇಲ್ಲ ಅತ್ತೆ’ ಎಂದಳು. ಮುಂದೆ ಹೇಗೆ ಮಾಡಲಿ?
(ಓದುಗರು, ಮೈಸೂರು)

ಉತ್ತರ: ತೊಂದರೆ ಇಲ್ಲ ಎಂದು ಹೇಳಿದ್ದು ನಿಮ್ಮ ಮೇಲಿನ ಗೌರವದಿಂದ, ತೊಂದರೆ ಇತ್ತು. ಮೀನು ಹುರಿಯುವ ವಾಸನೆ ನಮಗೆ ಹಸಿವು ಹುಟ್ಟಿಸುತ್ತದೆ, ರೂಢಿಯಿಲ್ಲದವರಿಗೆ ಅದೇ ವಾಸನೆ ಹಸಿವನ್ನು ಕೊಲ್ಲುತ್ತದೆ, ಮತ್ತು ಇದರಲ್ಲಿ ಇಬ್ಬರ ತಪ್ಪೂ ಇಲ್ಲ. ಹೋಟೆಲು ಸಸ್ಯಾಹಾರಕ್ಕೆ ಬೇರೆ ಅಡುಗೆಮನೆ ಇಟ್ಟಿದೆಯೇ ಎಂದು ಮೊದಲೇ ದೂರವಾಣಿ ಮಾಡಿ ಕೇಳಬಹುದು. ಇಲ್ಲವಾದರೆ ಅವಳ ದೋಸೆಯೂ ಮೀನಿನ ಕಾವಲಿಯ ಮೇಲೆಯೇ ಏಳುತ್ತದೆ ಎಂದು ತಿಳಿಯಿರಿ.

ನನ್ನ ಅಭಿಪ್ರಾಯ ಕೇಳಿದರೆ, ಎಲ್ಲರೂ ಒಂದೇ ಮೇಜಿನಲ್ಲಿ ಒಂದೇ ಹೊತ್ತಿಗೆ ಉಂಡರೆ ಮಾತ್ರ ಅದು ಕುಟುಂಬದ ಊಟ ಎಂಬ ಹಟವನ್ನು ಪ್ರವಾಸದಲ್ಲಿ ಬಿಡುವುದು ಒಳ್ಳೆಯದು. ಮಧ್ಯಾಹ್ನದ ಊಟವನ್ನು ಎಲ್ಲರೂ ಸೇರಿ ಒಳ್ಳೆಯ ಸಸ್ಯಾಹಾರಿ ಹೋಟೆಲಿನಲ್ಲಿ ಮಾಡಿ. ಮೀನಿನ ಊಟವನ್ನು ರಾತ್ರಿಗಿಟ್ಟುಕೊಳ್ಳಿ. ಆ ರಾತ್ರಿ ಮಗ ಹೆಂಡತಿಯ ಜೊತೆ ಬೇರೆ ಕಡೆ ಉಣ್ಣಲಿ. ‘ಅಮ್ಮ, ನಾವಿಬ್ಬರೂ ಅಲ್ಲಿಗೆ ಹೋಗಿ ಬರುತ್ತೇವೆ’ ಎಂಬ ಮಾತು ಅವನ ಬಾಯಿಂದ ಬಂದರೆ ಸೊಸೆಗೆ ಸಂಕೋಚ ಉಳಿಯುವುದಿಲ್ಲ. ಮೀನು ತಪ್ಪಿತೆಂದು ಮಗ ಮುಖ ಸಣ್ಣದು ಮಾಡಿದರೆ ಅವನನ್ನು ವಿಚಾರಿಸಿಕೊಳ್ಳಬೇಕಾದವರು ನೀವು.

ಪ್ರಶ್ನೆ: ಎಂಬತ್ತು ದಾಟಿದ ತಾಯಿಗೂ ಆರು ವರ್ಷದ ಮೊಮ್ಮಗನಿಗೂ ಮುಳ್ಳಿನ ಭಯವಿಲ್ಲದೆ ಯಾವ ಮೀನು ಕೊಡಿಸಬಹುದು?
(ಓದುಗರು, ಹಾಸನ)

ಉತ್ತರ: ಅಂಜಲಿನ ತುಂಡಿನಲ್ಲಿ ನಡುವೆ ದಪ್ಪ ಮೂಳೆ ಇದ್ದು ಸುಲಭವಾಗಿ ಬಿಡಿಸಬಹುದು, ಕಾಣೆಯ ಮಾಂಸ ಮೃದು, ನಡುಮುಳ್ಳನ್ನು ಎಳೆದರೆ ಬಹುಮಟ್ಟಿಗೆ ಬಂದುಬಿಡುತ್ತದೆ. ಬೂತಾಯಿ ಬೇಡ, ಅದರ ಮುಳ್ಳು ಕೂದಲಿನಷ್ಟು ಸಣ್ಣ. ಯಾವುದೇ ಆದರೂ ದೊಡ್ಡವರೊಬ್ಬರು ಬೆರಳಿನಿಂದ ಬಿಡಿಸಿ ನೋಡಿಯೇ ಕೊಡಬೇಕು. ದಡದ ಹೋಟೆಲುಗಳಲ್ಲಿ ದೀಪ ಮಂದವಾಗಿರುವುದರಿಂದ ಇವರಿಬ್ಬರನ್ನು ಕರೆದುಕೊಂಡು ಹಗಲಿನಲ್ಲಿಯೇ ಹೋಗಿ, ಮರಳಿನ ಮೇಲೆ ಹಾಕಿದ ಕುರ್ಚಿಗಳನ್ನು ಬಿಟ್ಟು ಗಟ್ಟಿ ನೆಲದ ಮೇಜನ್ನೇ ಕೇಳಿ. ಮುಳ್ಳು ಗಂಟಲಲ್ಲಿ ಸಿಕ್ಕಿಕೊಂಡರೆ ಅನ್ನದ ಉಂಡೆ ನುಂಗಿಸುವ ಹಳೆಯ ಪದ್ಧತಿಯನ್ನು ವೈದ್ಯರು ಒಪ್ಪುವುದಿಲ್ಲ. ಮುಳ್ಳು ಇನ್ನಷ್ಟು ಒಳಕ್ಕೆ ಚುಚ್ಚಬಹುದು. ಕಿವಿ, ಮೂಗು, ಗಂಟಲಿನ ವೈದ್ಯರಲ್ಲಿಗೆ ಹೋಗುವುದೇ ದಾರಿ.

ಪ್ರಶ್ನೆ: ಕುಮಟಾ ಬಳಿ ಅಘನಾಶಿನಿಯ ದಡದ ಒಂದು ಸಣ್ಣ ಹೋಟೆಲಿನಲ್ಲಿ ಬೆಳಚಿನ, ಅಂದರೆ ಚಿಪ್ಪುಮೀನಿನ, ಸುಕ್ಕ ತಿಂದೆವು. ಮಗ ಬಾಯಿ ತೆರೆಯದ ಎರಡು ಚಿಪ್ಪುಗಳನ್ನು ಚಮಚದಿಂದ ಒಡೆಯಲು ಹೋದಾಗ ನಾನು ತಡೆದೆ. ಅವನು ಇನ್ನೂ ಸಿಟ್ಟಿನಲ್ಲಿದ್ದಾನೆ. ಇವನ್ನು ಹಿಡಿಯುವುದನ್ನು ತೋರಿಸುವುದಾಗಿ ಮಾತು ಕೊಟ್ಟಿದ್ದೇನೆ. ಎಲ್ಲಿಗೆ ಕರೆದುಕೊಂಡು ಹೋಗಲಿ?
(ಓದುಗರು, ಧಾರವಾಡ)

ಉತ್ತರ: ತಡೆದದ್ದು ಸರಿ. ಬೇಯುವಾಗ ತಾನಾಗಿ ಬಾಯಿ ಬಿಡದ ಚಿಪ್ಪನ್ನು ಎಸೆಯುವುದೇ ಕರಾವಳಿಯ ಅಡುಗೆಮನೆಗಳ ನಿಯಮ. ಅದು ಮೊದಲೇ ಸತ್ತದ್ದಿರಬಹುದು, ಒಳಗೆ ಬರೀ ಕೆಸರೇ ತುಂಬಿರಬಹುದು.

ಮಾತು ಉಳಿಸಿಕೊಳ್ಳಲು ನೀವು ಬೇರೆಲ್ಲಿಗೂ ಹೋಗಬೇಕಾಗಿಲ್ಲ, ಉಂಡ ಜಾಗಕ್ಕೇ ಹೋದರೆ ಸಾಕು. ದಕ್ಷಿಣದಲ್ಲಿ ಮರುವಾಯಿ ಎಂದು ಕರೆಯುವ ಈ ಚಿಪ್ಪುಗಳಿಗೆ ಅಘನಾಶಿನಿಯ ಅಳಿವೆ ಹೆಸರಾದ ತಾಣ. ಹೊಳೆಯ ಸಿಹಿನೀರು, ಕಡಲಿನ ಉಪ್ಪುನೀರು ಕೂಡುವ ಆ ಕೆಸರಿನಲ್ಲಿ ಇವು ಬೆಳೆಯುತ್ತವೆ. ಇಳಿತದ ಹೊತ್ತಿಗೆ ಸುತ್ತಲಿನ ಊರುಗಳ ಜನ, ಅದರಲ್ಲಿಯೂ ಹೆಂಗಸರು, ಮೊಣಕಾಲ ನೀರಿನಲ್ಲಿ ನಿಂತು ಕೈಯಿಂದ ಬಗೆದು ಬುಟ್ಟಿ ತುಂಬಿಕೊಳ್ಳುತ್ತಾರೆ. ಬಲೆಯೂ ಬೇಡ, ದೊಡ್ಡ ದೋಣಿಯೂ ಬೇಡ. 4,801 ಹೆಕ್ಟೇರಿನ ಈ ಅಳಿವೆಯನ್ನು 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳಾದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿಸಲಾಯಿತು. ದಡದ ಗಜನಿ ಭೂಮಿಯಲ್ಲಿ, ಅಂದರೆ ಉಬ್ಬರದ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತವನ್ನು ಬೆಳೆಯುತ್ತಾರೆ. ಹೋಟೆಲಿನವರು ಕಗ್ಗದ ಅನ್ನವನ್ನು ಮಾಡಿ ಬಡಿಸುವುದಾದರೆ ಬೆಳಚಿನ ಜೊತೆಗೆ ಅದನ್ನೇ ಹೇಳಿ, ಎರಡೂ ಒಂದೇ ನೀರಿನವು.

ಇಳಿತದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಆದ್ದರಿಂದ ಹೋಗುವ ಹಿಂದಿನ ದಿನ ಹೋಟೆಲಿನವರಿಗೆ ದೂರವಾಣಿ ಮಾಡಿ, ನಾಳೆ ಇಳಿತ ಎಷ್ಟು ಹೊತ್ತಿಗೆ ಎಂದು ಕೇಳಿಕೊಂಡು, ಊಟಕ್ಕೆ ಮೊದಲೇ ಮಗನನ್ನು ದಡಕ್ಕೆ ಕರೆದೊಯ್ಯಿರಿ. ಚಿಪ್ಪು ಆರಿಸುವವರ ಹತ್ತಿರ ಹೋಗುವ ಮೊದಲು ಅವರನ್ನು ಒಂದು ಮಾತು ಕೇಳಲಿ. ಅವರಿಗೆ ಅದು ದಿನದ ದುಡಿಮೆ. ಕಾಲಿಗೆ ಪಟ್ಟಿಯಿರುವ ಚಪ್ಪಲಿ ಹಾಕಿಸಿ, ಕೆಸರಿನೊಳಗಿನ ಚಿಪ್ಪಿನ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ.